ಓಡುತ್ತಿರುವ ವಿಎಂನ ಡಿಸ್ಕನ್ನು ಕಾಪಿ ಮಾಡುವ ಕ್ರಮ

(ಕೋಲಾರದಲ್ಲಿ ಮಂಡಿ, ಸೊಸೈಟಿ, ನರ್ಸಿಂಗ್ ಹೋಮ್, ಕಾಲೇಜುಗಳ ಸರ್ವರ್ ನೋಡಿಕೊಳ್ಳುವವರ ಮುಂದೆ ಆಡಿದ ಮಾತುಗಳ ಬರಹ ರೂಪ. ಕಮಾಂಡುಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದೆ. ಟರ್ಮಿನಲ್‌ನಲ್ಲಿ ಎಂದಿನಂತೆ ಇಂಗ್ಲಿಷಿನಲ್ಲೇ ಹೊಡೆಯಿರಿ.)

ಎಲ್ಲರಿಗೂ ನಮಸ್ಕಾರ. ವಿಎಂ ಅಂದರೆ ಒಂದು ಸರ್ವರಿನೊಳಗೆ ತಂತ್ರಾಂಶದ ಬಲದಿಂದ ಓಡುವ ಇನ್ನೊಂದು ಕಂಪ್ಯೂಟರು. ಹೊರಗಿನದು ಹೋಸ್ಟು, ಒಳಗಿನದು ಗೆಸ್ಟು. ಗೆಸ್ಟಿನ ಡಿಸ್ಕು ಸಾಮಾನ್ಯವಾಗಿ ಹೋಸ್ಟಿನಲ್ಲಿರುವ ಒಂದು ದೊಡ್ಡ ಫೈಲು, ಓಡುತ್ತಿರುವಾಗಲೇ ಅದರ ನಕಲು ತೆಗೆಯುವುದು ಹೇಗೆ ಎಂಬುದೇ ಇವತ್ತಿನ ಮಾತು. ವಿಎಂ ಓಡಿಸುವ ತಂತ್ರಾಂಶ ಕ್ಯೂಎಮು, ಅದನ್ನು ನಡೆಸುವುದು ಲಿಬ್‌ವರ್ಟ್, ಲಿಬ್‌ವರ್ಟ್‌ಗೆ ನಾವು ಆದೇಶ ಕೊಡುವ ಕಮಾಂಡು ‘ವರ್ಶ್’. ನಮ್ಮ ಎಪಿಎಂಸಿ ಯಾರ್ಡಿನಿಂದಲೇ ಶುರು ಮಾಡೋಣ. ಹಂಗಾಮಿನಲ್ಲಿ 15 ಕೆಜಿಯ ಟೊಮೆಟೊ ಬಾಕ್ಸುಗಳನ್ನು ಸಾಲುಸಾಲಾಗಿ ಪೇರಿಸಿರುತ್ತಾರೆ. ಮಂಡಿ ರೈಟರ್ ಒಬ್ಬ ಪುಸ್ತಕ ಹಿಡಿದು ಮೊದಲ ಸಾಲಿನಿಂದ ಎಣಿಸುತ್ತ ಹೊರಟ ಅಂತ ಇಟ್ಟುಕೊಳ್ಳಿ. ಅವನು ಎಣಿಸುತ್ತಿರುವಾಗಲೇ ಹಮಾಲಿಗಳು ಬಾಕ್ಸ್ ಹೊತ್ತು ಓಡಾಡುತ್ತಿದ್ದಾರೆ. ಎರಡನೇ ಸಾಲಿನಲ್ಲಿ ಎಣಿಸಿಯಾದ ಬಾಕ್ಸು ನಲವತ್ತನೇ ಸಾಲಿಗೆ ಹೋಗಿ ಇನ್ನೊಮ್ಮೆ ಲೆಕ್ಕಕ್ಕೆ ಬರುತ್ತದೆ. ನಲವತ್ತರಲ್ಲಿದ್ದದ್ದು ಎರಡಕ್ಕೆ ಬಂದರೆ ಲೆಕ್ಕಕ್ಕೇ ಸಿಗುವುದಿಲ್ಲ. ಕೊನೆಗೆ ಪುಸ್ತಕದಲ್ಲಿ ಒಂದು ಮೊತ್ತ ಇರುತ್ತದೆ, ಆದರೆ ಯಾರ್ಡಿನಲ್ಲಿ ಯಾವ ಗಳಿಗೆಯಲ್ಲೂ ಅಷ್ಟು ಬಾಕ್ಸ್ ಇರಲೇ ಇಲ್ಲ.

ಓಡುತ್ತಿರುವ ವಿಎಂನ ಡಿಸ್ಕ್ ಫೈಲಿಗೆ ನೇರವಾಗಿ ‘ಸಿಪಿ’ (ಫೈಲು ಕಾಪಿ ಮಾಡುವ ಕಮಾಂಡು) ಹೊಡೆದರೆ ಆಗುವುದು ಇದೇ. 120 ಜಿಬಿ ಫೈಲು ಗಿಗಾಬಿಟ್ ಲೈನಿನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಲೆಕ್ಕದಲ್ಲಿ ಹೋದರೂ 18 ನಿಮಿಷ ಬೇಕು. ಫೈಲಿನ ತಲೆ ರಾತ್ರಿ 1 ಗಂಟೆಯದ್ದು, ಬಾಲ 1:18ರದ್ದು. ಮಧ್ಯದ ಒಂದೊಂದು ಭಾಗಕ್ಕೂ ಒಂದೊಂದು ಹೊತ್ತು.

ಕರೆಂಟ್ ಹೋದಾಗಲೂ ಡಿಸ್ಕು ಅರ್ಧಂಬರ್ಧ ಸ್ಥಿತಿಯಲ್ಲೇ ನಿಲ್ಲುತ್ತದೆ, ಆದರೂ ಸರ್ವರ್ ಮತ್ತೆ ಎದ್ದೇಳುತ್ತದಲ್ಲ ಎಂದು ಕೇಳುವವರಿದ್ದಾರೆ. ನಿಜ, ಎದ್ದೇಳುತ್ತದೆ. ಆದರೆ ಕರೆಂಟ್ ಹೋದಾಗ ಇಡೀ ಡಿಸ್ಕು ಒಂದೇ ಕ್ಷಣದಲ್ಲಿ ನಿಲ್ಲುತ್ತದೆ. ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್, ಎನ್‌ಟಿಎಫ್‌ಎಸ್ ಈ ಫೈಲ್‌ಸಿಸ್ಟಂಗಳೆಲ್ಲ ಯಾವ ಫೈಲು ಎಲ್ಲಿದೆ ಎಂಬಂಥ ತಮ್ಮ ಲೆಕ್ಕವನ್ನು ಮೊದಲು ಜರ್ನಲ್ಲಿಗೆ (ದಿನವಹಿಗೆ) ಬರೆದು ಆಮೇಲೆ ಜಾಗಕ್ಕೆ ಬರೆಯುತ್ತವೆ. ಆ ಹಿಂದುಮುಂದು ಕೆಡದಿದ್ದರೆ ಬೂಟ್ ಆಗುವಾಗ ಜರ್ನಲ್ ಓದಿ ಸರಿಮಾಡಿಕೊಳ್ಳುತ್ತವೆ. ‘ಸಿಪಿ’ ಹೊಡೆದ ನಕಲಿನಲ್ಲಿ ಕೆಟ್ಟಿರುವುದೇ ಆ ಹಿಂದುಮುಂದು. ಜರ್ನಲ್ ಹಳೆಯದು, ಅದು ಹೇಳಬೇಕಾದ ಬ್ಲಾಕು ಹೊಸದು. ಹಾಗಾಗಿ ಅಂಥ ನಕಲು ಕರೆಂಟ್ ಹೋದ ಡಿಸ್ಕಿಗಿಂತಲೂ ಕೀಳು. ಅದನ್ನು ಬ್ಯಾಕಪ್ ಎಂದು ಕರೆಯಬೇಡಿ.

ಡಿಸ್ಕ್ ಫೈಲು ಕ್ಯೂಎಮುವಿನದೇ ಮಾದರಿಯಾದ ಕ್ಯೂಕೌ2 ಆದರೆ ಇನ್ನೊಂದು ಪದರದ ತೊಂದರೆ. ರಾ ಇಮೇಜಿನಲ್ಲಿ (ಡಿಸ್ಕು ಇದ್ದ ಹಾಗೇ ಬರೆದ ಫೈಲಿನಲ್ಲಿ) ಗೆಸ್ಟಿನ ಹತ್ತನೇ ಬ್ಲಾಕು ಫೈಲಿನ ಹತ್ತನೇ ಜಾಗದಲ್ಲೇ ಇರುತ್ತದೆ. ಕ್ಯೂಕೌ2ನಲ್ಲಿ ಹಾಗಲ್ಲ, ಅದಕ್ಕೆ ತನ್ನದೇ ಖಾತೆ ಪುಸ್ತಕ ಇದೆ. ಎಲ್1 ಟೇಬಲ್ಲು ಎಲ್2 ಟೇಬಲ್ಲುಗಳನ್ನು ತೋರಿಸುತ್ತದೆ, ಎಲ್2 ಟೇಬಲ್ಲು ನಿಜವಾದ ದತ್ತಾಂಶ ಎಲ್ಲಿದೆ ಎಂದು ತೋರಿಸುತ್ತದೆ. ಡೀಫಾಲ್ಟ್ ಕ್ಲಸ್ಟರ್, ಅಂದರೆ ಒಮ್ಮೆಗೆ ಹಂಚುವ ತುಂಡು, 64 ಕೆಬಿ. ಒಂದು ಎಲ್2 ಟೇಬಲ್ಲಿನ ಅಳತೆಯೂ ಅಷ್ಟೇ. ಎಲ್2ನ ಒಂದೊಂದು ನಮೂದು 8 ಬೈಟ್, ಅಂದರೆ ಒಂದು ಟೇಬಲ್ಲಿನಲ್ಲಿ 8,192 ನಮೂದು. 8,192ನ್ನು 64 ಕೆಬಿಯಿಂದ ಗುಣಿಸಿ, 512 ಎಂಬಿ ಆಯಿತು. ಒಂದು ಎಲ್2 ಟೇಬಲ್ ಹಳೆಯದಾಗಿ ನಕಲಾದರೆ ಗೆಸ್ಟ್ ಡಿಸ್ಕಿನ 512 ಎಂಬಿಯ ವಿಳಾಸಗಳೇ ನಂಬಿಕೆಗೆ ಯೋಗ್ಯವಲ್ಲ. ಎಲ್1 ಸಾಮಾನ್ಯವಾಗಿ ಫೈಲಿನ ತಲೆಭಾಗದಲ್ಲಿರುತ್ತದೆ, ‘ಸಿಪಿ’ ಅದನ್ನು ಮೊದಲ ಸೆಕೆಂಡಿನಲ್ಲೇ ಓದಿ ಮುಗಿಸಿರುತ್ತದೆ. ಆಮೇಲೆ ಗೆಸ್ಟು ಹೊಸ ಜಾಗಕ್ಕೆ ಬರೆದರೆ ಹೊಸ ಎಲ್2 ಫೈಲಿನ ಕೊನೆಯಲ್ಲಿ ಹುಟ್ಟುತ್ತದೆ. ನಕಲಿಗೆ ಬಾಲದಲ್ಲಿ ಅದು ಬರುತ್ತದೆ, ಆದರೆ ತಲೆಯಲ್ಲಿರುವ ಎಲ್1ಗೆ ಅದರ ಸುದ್ದಿಯೇ ಗೊತ್ತಿಲ್ಲ.

ಕ್ಯೂಎಮು 2.10 ಬಂದಾಗ, 2017ರಲ್ಲಿ, ಇಮೇಜ್ ಫೈಲಿಗೆ ಲಾಕ್ ಬಂತು. ಓಡುತ್ತಿರುವ ಇಮೇಜಿನ ಮೇಲೆ ‘ಕ್ಯೂಎಮು-ಐಎಂಜಿ ಕನ್ವರ್ಟ್’ (ಇಮೇಜನ್ನು ಇನ್ನೊಂದು ಫೈಲಾಗಿ ಬರೆಯುವ ಕಮಾಂಡು) ಹೊಡೆದರೆ ‘ಶೇರ್ಡ್ ರೈಟ್ ಲಾಕ್ ಸಿಗಲಿಲ್ಲ, ಬೇರೆ ಪ್ರಾಸೆಸ್ ಇದನ್ನು ಬಳಸುತ್ತಿದೆಯೇ’ ಎಂದು ಕೇಳುತ್ತದಲ್ಲ, ಅದು ಆ ಲಾಕು. ‘ಫೋರ್ಸ್-ಶೇರ್’ ಕೊಟ್ಟರೆ ಬಾಯಿ ಮುಚ್ಚಿಕೊಂಡು ಓದಲು ಬಿಡುತ್ತದೆ. ಆ ಆಯ್ಕೆ ಇರುವುದು ‘ಇನ್ಫೋ’ ನೋಡುವಂಥ ಸಣ್ಣ ಕೆಲಸಕ್ಕೆ, ನಕಲು ತೆಗೆಯುವುದಕ್ಕಲ್ಲ. ‘ಸಿಪಿ’, ‘ಡಿಡಿ’, ‘ಆರ್‌ಸಿಂಕ್’ ಥರದ ಸಾಮಾನ್ಯ ಕಾಪಿ ಕಮಾಂಡುಗಳು ಈ ಲಾಕನ್ನು ನೋಡುವುದೇ ಇಲ್ಲ, ಅಡ್ಡಿಯಿಲ್ಲದೆ ಓಡುತ್ತವೆ. ತಪ್ಪು ನಕಲು ತಪ್ಪು ಅಂತ ಹೇಳದೆ ಮುಗಿಯುವುದು ಹೀಗೆ.

ಆದ್ದರಿಂದ ಮೊದಲು ಕ್ಷಣವನ್ನು ಹಿಡಿಯಬೇಕು, ನಕಲು ಆಮೇಲೆ. ಕ್ಷಣ ಸಿಕ್ಕಿದ ಮೇಲೆ ಕಾಪಿಗೆ ಒಂದು ಗಂಟೆ ಹಿಡಿದರೂ ಚಿಂತೆಯಿಲ್ಲ.

ತೀರಾ ಸುಲಭದ ದಾರಿ ‘ವರ್ಶ್ ಸಸ್ಪೆಂಡ್’. ವಿಎಂ ನಿಂತಲ್ಲೇ ನಿಲ್ಲುತ್ತದೆ, ಕ್ಯೂಎಮು ತನ್ನ ಕೈಲಿರುವುದನ್ನೆಲ್ಲ ಡಿಸ್ಕಿಗೆ ಇಳಿಸುತ್ತದೆ. ‘ಸಿಪಿ’ ಹೊಡೆದು ‘ವರ್ಶ್ ರೆಸ್ಯೂಮ್’ ಮಾಡಿ. ಕರೆಂಟ್ ಹೋದಾಗಿನ ಮಟ್ಟದ, ಆದರೆ ಒಂದೇ ಕ್ಷಣದ ನಕಲು ಸಿಗುತ್ತದೆ. 10 ಜಿಬಿಯ ಸಣ್ಣ ವಿಎಂ, ರಾತ್ರಿ ಎರಡು ನಿಮಿಷ ನಿಂತರೆ ಕೇಳುವವರಿಲ್ಲ ಅಂದರೆ ಇದೇ ಸಾಕು. ಎದ್ದ ಮೇಲೆ ಗಡಿಯಾರ ಹಿಂದಿರುತ್ತದೆ, ಗೆಸ್ಟಿನಲ್ಲಿ ಗಡಿಯಾರ ಸರಿಮಾಡುವ ಕ್ರೋನಿ ಓಡುತ್ತಿದೆಯೇ ನೋಡಿಕೊಳ್ಳಿ.

ನಿಲ್ಲಿಸಲಾಗದ ವಿಎಂಗೆ ಓವರ್‌ಲೇ ದಾರಿ, ಅಂದರೆ ಸ್ನ್ಯಾಪ್‌ಶಾಟ್ ತೆಗೆದು ಕ್ಷಣವನ್ನು ಹಿಡಿದು, ಹೊಸ ಬರಹವನ್ನು ಬೇರೆ ಫೈಲಿಗೆ ತಿರುಗಿಸುವುದು. ಇದನ್ನು ನಿಧಾನವಾಗಿ ನೋಡೋಣ, ಯಾಕೆಂದರೆ ಹೆಚ್ಚಿನ ಅನಾಹುತ ಇಲ್ಲೇ.

ವಿಎಂ ಹೆಸರು ‘ಮಂಡಿ’, ಡಿಸ್ಕು ‘ಮಂಡಿ.ಕ್ಯೂಕೌ2’. ಮೊದಲು ‘ವರ್ಶ್ ಡಾಮ್‌ಬಿಎಲ್‌ಕೆಲಿಸ್ಟ್ ಮಂಡಿ’ ಹೊಡೆದು ಯಾವ ಹೆಸರಿನ ಡಿಸ್ಕಿಗೆ ಯಾವ ಫೈಲು ಎಂದು ಬರೆದಿಟ್ಟುಕೊಳ್ಳಿ (ಇಲ್ಲಿ ಡಿಸ್ಕಿನ ಹೆಸರು ‘ವಿಡಿಎ’ ಎಂದುಕೊಳ್ಳೋಣ). ಆಮೇಲೆ ‘ವರ್ಶ್ ಸ್ನ್ಯಾಪ್‌ಶಾಟ್-ಕ್ರಿಯೇಟ್-ಆ್ಯಸ್ ಮಂಡಿ ರಾತ್ರಿ’, ಅದರ ಜೊತೆಗೆ ನಾಲ್ಕು ಆಯ್ಕೆಗಳು: ‘ಡಿಸ್ಕ್-ಓನ್ಲಿ’, ‘ಅಟಾಮಿಕ್’, ‘ಕ್ವಯೆಸ್’, ‘ನೋ-ಮೆಟಾಡೇಟಾ’. ಆ ಕ್ಷಣ ‘ಮಂಡಿ.ರಾತ್ರಿ’ ಎಂಬ ಹೊಸ ಫೈಲು ಹುಟ್ಟುತ್ತದೆ. ಗೆಸ್ಟು ಇನ್ನು ಮುಂದೆ ಬರೆಯುವುದೆಲ್ಲ ಅದಕ್ಕೆ. ಹಳೆಯ ‘ಮಂಡಿ.ಕ್ಯೂಕೌ2’ಗೆ ಯಾರೂ ಬರೆಯುವುದಿಲ್ಲ, ಬರೀ ಓದುತ್ತಾರೆ. ಯಾರ್ಡಿನ ಮಾತಿನಲ್ಲಿ ಹೇಳುವುದಾದರೆ ಹಳೆಯ ಸಾಲುಗಳನ್ನು ಮುಟ್ಟಬೇಡಿ ಎಂದು ಹಗ್ಗ ಕಟ್ಟಿ, ಹೊಸ ಮಾಲನ್ನು ಪಕ್ಕದ ಶೆಡ್ಡಿಗೆ ಇಳಿಸಿದ ಹಾಗೆ.

‘ಅಟಾಮಿಕ್’ ಯಾಕೆ ಅಂದರೆ, ವಿಎಂಗೆ ಎರಡು ಮೂರು ಡಿಸ್ಕಿದ್ದಾಗ ಎಲ್ಲದಕ್ಕೂ ಓವರ್‌ಲೇ ಆಗಬೇಕು, ಇಲ್ಲವೇ ಯಾವುದಕ್ಕೂ ಆಗಬಾರದು. ಪೋಸ್ಟ್‌ಗ್ರೆಸ್ ಡೇಟಾಬೇಸಿನ ದತ್ತಾಂಶ ಒಂದು ಡಿಸ್ಕಿನಲ್ಲಿ, ಅದರ ಜರ್ನಲ್ ಥರದ ವಾಲ್ ಲಾಗು ಇನ್ನೊಂದರಲ್ಲಿ ಇದ್ದರೆ ಎರಡೂ ಒಂದೇ ಕ್ಷಣದವಾಗಿರಬೇಕು. ಬೇರೆ ಬೇರೆ ಹೊತ್ತಿನಲ್ಲಿ ತೆಗೆದರೆ ಜರ್ನಲ್ಲಿನ ಕತೆಯೇ ಇಲ್ಲೂ.

‘ಕ್ವಯೆಸ್’ ಅಂದರೆ ಗೆಸ್ಟಿನ ಒಳಗೆ ಹೋಗಿ ಫೈಲ್‌ಸಿಸ್ಟಂಗೆ ‘ಒಂದು ಗಳಿಗೆ ತಡಿ’ ಎನ್ನುವುದು. ಇದಕ್ಕೆ ಗೆಸ್ಟಿನಲ್ಲಿ ಕ್ಯೂಎಮು ಗೆಸ್ಟ್ ಏಜೆಂಟ್ (ಹೋಸ್ಟಿನ ಮಾತು ಕೇಳುವ ಸಣ್ಣ ತಂತ್ರಾಂಶ) ಇರಬೇಕು, ಹೊರಗೆ ವಿಎಂನ ವಿವರ ಬರೆದ ಎಕ್ಸ್‌ಎಂಎಲ್ ಫೈಲಿನಲ್ಲಿ ಆ ಮಾತು ಸಾಗಲೆಂದೇ ವರ್ಟಿಯೋ-ಸೀರಿಯಲ್ ಚಾನೆಲ್ ಇರಬೇಕು. ಒಂದಿದ್ದು ಒಂದಿಲ್ಲದಿದ್ದರೆ ಗೆಸ್ಟ್ ಏಜೆಂಟ್ ಬಗ್ಗೆ ಎರರ್ ಬಂದು ಸ್ನ್ಯಾಪ್‌ಶಾಟ್ ಆಗುವುದೇ ಇಲ್ಲ. ಮೊದಲೇ ‘ವರ್ಶ್ ಡಾಮ್‌ಎಫ್‌ಎಸ್‌ಇನ್ಫೋ ಮಂಡಿ’ ಹೊಡೆದು ನೋಡಿ. ಗೆಸ್ಟಿನ ಮೌಂಟುಗಳ ಪಟ್ಟಿ ಬಂದರೆ ಏಜೆಂಟು ಮಾತಾಡುತ್ತಿದೆ. ಎರರ್ ಬಂತು ಎಂದು ‘ಕ್ವಯೆಸ್’ ತೆಗೆದುಹಾಕಿ ಮುಂದೆ ಹೋಗುವವರು ತುಂಬಾ ಜನ. ಹೋಗಬಹುದು, ಆದರೆ ಕೈಗೆ ಬರುವುದು ಕರೆಂಟ್ ಹೋದ ಮಟ್ಟದ ನಕಲು ಎಂಬುದು ನೆನಪಿರಲಿ. ಮೈಎಸ್‌ಕ್ಯೂಎಲ್ ಡೇಟಾಬೇಸಿನ ಇನ್ನೋಡಿಬಿ ಟೇಬಲ್ಲುಗಳೂ ಪೋಸ್ಟ್‌ಗ್ರೆಸ್ಸೂ ಅದರಿಂದ ಎದ್ದೇಳುತ್ತವೆ, ಅವುಗಳ ಲಾಗು ಇರುವುದೇ ಅದಕ್ಕೆ. ಹಳೆಯ ಮೈಐಸ್ಯಾಮ್ ಟೇಬಲ್ಲುಗಳಿಗೆ ಆ ಭಾಗ್ಯ ಇಲ್ಲ. ಲಿನಕ್ಸ್ ಗೆಸ್ಟಿನಲ್ಲಿ ಫ್ರೀಜ್‌ಗೆ (ಬರಹ ತಡೆಯುವುದಕ್ಕೆ) ಮುಂಚೆ, ಥಾ (ತಡೆ ಬಿಡುವುದು) ಆದ ಮೇಲೆ ಓಡುವ ಹುಕ್ ಸ್ಕ್ರಿಪ್ಟ್ ಇಡಬಹುದು. ಅದರಲ್ಲಿ ಮೈಎಸ್‌ಕ್ಯೂಎಲ್‌ಗೆ ‘ಫ್ಲಷ್ ಟೇಬಲ್ಸ್ ವಿತ್ ರೀಡ್ ಲಾಕ್’ ಕೊಡುತ್ತಾರೆ. ಆ ಕನೆಕ್ಷನ್ ಮುಚ್ಚಿದ ಕೂಡಲೇ ಲಾಕೂ ಹೋಗುತ್ತದೆ, ಆದ್ದರಿಂದ ಥಾ ಆಗುವವರೆಗೂ ಅದನ್ನು ತೆರೆದೇ ಇಡಬೇಕು. ಹುಕ್ಕು ಬರೆಯುವವರು ಎಡವುವುದು ಇಲ್ಲೇ.

ವಿಂಡೋಸ್ ಗೆಸ್ಟಾದರೆ ಏಜೆಂಟು ವಿಎಸ್‌ಎಸ್ ಎಂಬ ವಿಂಡೋಸಿನ ಸ್ವಂತ ಸ್ನ್ಯಾಪ್‌ಶಾಟ್ ವ್ಯವಸ್ಥೆಯ ಮೂಲಕ ಕೆಲಸ ಮಾಡುತ್ತದೆ. ಬರೆಯುವುದನ್ನು ತಡೆಹಿಡಿಯಲು ಅಲ್ಲಿ 10 ಸೆಕೆಂಡಿನ ಮಿತಿ ಇದೆ. ಹೋಸ್ಟಿನ ಡಿಸ್ಕು ಏದುಸಿರು ಬಿಡುತ್ತಿದ್ದರೆ ಅಷ್ಟರಲ್ಲಿ ಮುಗಿಯದೆ ಎರರ್ ಬರುತ್ತದೆ. ‘ವಿಎಸ್‌ಎಸ್‌ಅಡ್ಮಿನ್ ಲಿಸ್ಟ್ ರೈಟರ್ಸ್’ ಹೊಡೆದಾಗ ಎಲ್ಲ ರೈಟರುಗಳೂ (ಒಂದೊಂದು ತಂತ್ರಾಂಶವನ್ನು ಶಾಂತಗೊಳಿಸುವ ವಿಎಸ್‌ಎಸ್ ಭಾಗಗಳು) ‘ಸ್ಟೇಬಲ್’ ಎಂದು ತೋರಿಸಬೇಕು. ಎಸ್‌ಕ್ಯೂಎಲ್ ಸರ್ವರ್‌ಗೆ ತನ್ನದೇ ರೈಟರ್ ಇದೆ. ರೈಟರ್ ಇಲ್ಲದ ಬಿಲ್ಲಿಂಗ್ ತಂತ್ರಾಂಶಕ್ಕೆ ಫೈಲ್‌ಸಿಸ್ಟಂ ಮಟ್ಟದ ಶಾಂತಿ ಮಾತ್ರ ಸಿಗುತ್ತದೆ, ಅದರ ಸ್ವಂತ ಬ್ಯಾಕಪ್ಪನ್ನೂ ಬೇರೆಯಾಗಿ ತೆಗೆಯುತ್ತಿರಿ.

ಈಗ ‘ಮಂಡಿ.ಕ್ಯೂಕೌ2’ನ್ನು ಆರಾಮಾಗಿ ಕಾಪಿ ಮಾಡಿ. ‘ಕ್ಯೂಎಮು-ಐಎಂಜಿ ಕನ್ವರ್ಟ್’ ಆದರೆ ಒಳ್ಳೆಯದು, ಸೊನ್ನೆ ತುಂಬಿದ ಜಾಗವನ್ನು ಬಿಟ್ಟು ಬರೆಯುತ್ತದೆ. 500 ಜಿಬಿ ಡಿಸ್ಕಿನಲ್ಲಿ ತುಂಬಿರುವುದು 120 ಜಿಬಿ ಅಂದರೆ ನಕಲೂ ಅಷ್ಟಕ್ಕೇ ಹತ್ತಿರ ಇರುತ್ತದೆ. ಗೆಸ್ಟಿನಲ್ಲಿ ಅಳಿಸಿದ ಫೈಲುಗಳ ಜಾಗ ಮಾತ್ರ ತಾನಾಗಿ ಸೊನ್ನೆಯಾಗುವುದಿಲ್ಲ. ಆ ಜಾಗ ಬಿಟ್ಟುಕೊಡಲು ಡಿಸ್ಕಿಗೆ ‘ಡಿಸ್ಕಾರ್ಡ್ ಅನ್‌ಮ್ಯಾಪ್’ ಹಾಕಿ, ಗೆಸ್ಟಿನಲ್ಲಿ ವಾರಕ್ಕೊಮ್ಮೆ ‘ಎಫ್‌ಎಸ್‌ಟ್ರಿಮ್’ ಓಡಿಸಿ.

ಕಾಪಿ ಮುಗಿಯಿತು. ಇಲ್ಲಿಗೆ ಕೆಲಸ ಮುಗಿಯಿತು ಎಂದುಕೊಂಡರೆ ಕೆಟ್ಟಿರಿ. ಪಕ್ಕದ ಶೆಡ್ಡಿನ ಮಾಲನ್ನು ಯಾರ್ಡಿಗೆ ತಂದು ಸೇರಿಸಬೇಕು: ‘ವರ್ಶ್ ಬ್ಲಾಕ್‌ಕಮಿಟ್ ಮಂಡಿ ವಿಡಿಎ’, ಜೊತೆಗೆ ‘ಆ್ಯಕ್ಟಿವ್’, ‘ವರ್ಬೋಸ್’, ‘ಪಿವಟ್’. ಓವರ್‌ಲೇನಲ್ಲಿರುವುದು ಮೂಲಕ್ಕೆ ಇಳಿಯುತ್ತದೆ, ಗೆಸ್ಟು ಮತ್ತೆ ಮೂಲದ ಮೇಲೆ ನಿಲ್ಲುತ್ತದೆ. ‘ಪಿವಟ್’ ಮರೆತರೆ ಕೆಲಸ ನೂರಕ್ಕೆ ನೂರು ಎಂದು ತೋರಿಸುತ್ತ ನಿಂತೇ ಇರುತ್ತದೆ, ಗೆಸ್ಟು ಓವರ್‌ಲೇ ಮೇಲೇ ಓಡುತ್ತಿರುತ್ತದೆ. ಆಗ ‘ವರ್ಶ್ ಬ್ಲಾಕ್‌ಜಾಬ್ ಮಂಡಿ ವಿಡಿಎ’ಗೆ ‘ಪಿವಟ್’ ಸೇರಿಸಿ ಹೊಡೆದರೆ ಸಾಕು. ‘ಡಾಮ್‌ಬಿಎಲ್‌ಕೆಲಿಸ್ಟ್’ ಇನ್ನೊಮ್ಮೆ ನೋಡಿ. ವಿಡಿಎ ಎದುರು ‘ಮಂಡಿ.ಕ್ಯೂಕೌ2’ ಎಂದು ಕಣ್ಣಾರೆ ಕಂಡ ಮೇಲಷ್ಟೇ ಓವರ್‌ಲೇ ಫೈಲನ್ನು ಅಳಿಸಿ.

ಈ ಕೊನೆಯ ಹೆಜ್ಜೆಯಲ್ಲಿ ಕೆಡುವ ರೀತಿಗಳು ಮೂರು. ಮೊದಲನೆಯದು, ಸ್ಕ್ರಿಪ್ಟು ಕಾಪಿಯಲ್ಲೇ ಸತ್ತು ಕಮಿಟ್ ಆಗದೇ ಉಳಿಯುವುದು. ಮರುರಾತ್ರಿ ಓವರ್‌ಲೇ ಮೇಲೆ ಇನ್ನೊಂದು ಓವರ್‌ಲೇ, ಅದರ ಮೇಲೆ ಮತ್ತೊಂದು. ನಕಲಾಗುತ್ತಿರುವುದು ಮಾತ್ರ ಮೊದಲ ದಿನದ ಅದೇ ಮೂಲ. ವಾರದ ಏಳು ಬ್ಯಾಕಪ್ಪುಗಳೂ ಒಂದೇ ದಿನದವು! ಎರಡನೆಯದು, ಓವರ್‌ಲೇ ಬೆಳೆದು ಹೋಸ್ಟಿನ ಜಾಗ ತುಂಬುವುದು. ಆಗ ವಿಎಂ ‘ಪಾಸ್ಡ್’ ಆಗಿ ನಿಲ್ಲುತ್ತದೆ, ‘ವರ್ಶ್ ಡಾಮ್‌ಬಿಎಲ್‌ಕೆಎರರ್’ ಜಾಗವಿಲ್ಲ ಎನ್ನುತ್ತದೆ. ಗಾಬರಿಯಾಗಿ ‘ಡಿಸ್ಟ್ರಾಯ್’ (ಪ್ಲಗ್ ಕಿತ್ತ ಹಾಗೆ ಆಫ್ ಮಾಡುವುದು) ಹೊಡೆಯಬೇಡಿ. ಬೇಡದ ಫೈಲು ತೆಗೆದು ಜಾಗ ಮಾಡಿ, ‘ವರ್ಶ್ ರೆಸ್ಯೂಮ್’ ಕೊಡಿ. ನಿಂತಿದ್ದ ಬರಹ ಅಲ್ಲಿಂದಲೇ ಮುಂದುವರಿಯುತ್ತದೆ.

ಮೂರನೆಯದು ಕಡು ಕೆಟ್ಟದ್ದು. ‘ಮಂಡಿ.ರಾತ್ರಿ’ಯನ್ನು ಯಾವುದೋ ತಾತ್ಕಾಲಿಕ ಫೈಲು ಎಂದು ಯಾರೋ ಅಳಿಸಿಬಿಡುವುದು. ವಿಎಂ ಏನೂ ಆಗದ ಹಾಗೆ ಓಡುತ್ತಲೇ ಇರುತ್ತದೆ, ಏಕೆಂದರೆ ಕ್ಯೂಎಮು ಆ ಫೈಲನ್ನು ತೆರೆದೇ ಇಟ್ಟುಕೊಂಡಿದೆ. ವಿಎಂ ಆಫ್ ಮಾಡಿದ ಕ್ಷಣ ಅದು ಶಾಶ್ವತವಾಗಿ ಹೋಗುತ್ತದೆ. ಗೊತ್ತಾದ ತಕ್ಷಣ ‘ವರ್ಶ್ ಸಸ್ಪೆಂಡ್’ ಮಾಡಿ, ‘ಪ್ರಾಕ್’ ಡೈರೆಕ್ಟರಿಯಲ್ಲಿ ಆ ಕ್ಯೂಎಮು ಪ್ರಾಸೆಸ್ಸಿನ ‘ಎಫ್‌ಡಿ’ ಒಳಗೆ ‘ಡಿಲೀಟೆಡ್’ ಎಂದು ಕಾಣುವುದನ್ನು ಹುಡುಕಿ, ಅಲ್ಲಿಂದ ‘ಸಿಪಿ’ ಮಾಡಿ ಉಳಿಸಿಕೊಳ್ಳಬಹುದು. ಮೂಲ ಫೈಲಿಗೂ ಇಂಥದ್ದೇ ಎಚ್ಚರಿಕೆ ಬೇಕು. ಓವರ್‌ಲೇ ಇರುವಾಗ ಮೂಲವನ್ನು ಬೇರೆ ವಿಎಂಗೆ ಹಾಕಿ ಬೂಟ್ ಮಾಡಿದರೆ ಅದು ಬದಲಾಗುತ್ತದೆ, ಮೇಲಿನ ಓವರ್‌ಲೇ ಕಸವಾಗುತ್ತದೆ.

ಎಲ್‌ವಿಎಂ (ಡಿಸ್ಕಿನ ಜಾಗವನ್ನು ಭಾಗ ಮಾಡಿ ಹಂಚುವ ಲಿನಕ್ಸ್ ವ್ಯವಸ್ಥೆ) ಮೇಲೆ ವಿಎಂ ಇಟ್ಟವರಿಗೆ ಎರಡು ಮಾತು. ‘ಎಲ್‌ವಿಕ್ರಿಯೇಟ್’ ಸ್ನ್ಯಾಪ್‌ಶಾಟ್‌ಗೆ ಕೊಟ್ಟ ಜಾಗ ತುಂಬಿದರೆ ಸ್ನ್ಯಾಪ್‌ಶಾಟ್ ಅಮಾನ್ಯವಾಗುತ್ತದೆ, ಮೂಲಕ್ಕೆ ಏನೂ ಆಗುವುದಿಲ್ಲ. ಥಿನ್ ಪೂಲ್ (ಎಲ್ಲ ಡಿಸ್ಕುಗಳೂ ಹಂಚಿಕೊಳ್ಳುವ ಒಂದೇ ಜಾಗ) ಆದರೆ ಹಾಗಲ್ಲ, ಪೂಲ್ ತುಂಬಿದರೆ ಅದರ ಮೇಲಿರುವ ಎಲ್ಲ ವಿಎಂಗಳಿಗೂ ಪೆಟ್ಟು. ಇಲ್ಲಿ ಫ್ರೀಜ್ ಮಾಡುವುದು ನಿಮ್ಮ ಕೈಲೇ: ‘ಡಾಮ್‌ಎಫ್‌ಎಸ್‌ಫ್ರೀಜ್’, ಸ್ನ್ಯಾಪ್‌ಶಾಟ್, ‘ಡಾಮ್‌ಎಫ್‌ಎಸ್‌ಥಾ’. ಮಧ್ಯದಲ್ಲಿ ಸ್ಕ್ರಿಪ್ಟು ಬಿದ್ದರೆ ಗೆಸ್ಟು ಫ್ರೀಜ್ ಆಗಿಯೇ ಉಳಿಯುತ್ತದೆ. ಗುರುತು ಹಿಡಿಯುವುದು ಸುಲಭ. ಪಿಂಗ್ ಹೋಗುತ್ತದೆ, ಎಸ್‌ಎಸ್‌ಎಚ್ ಪಾಸ್‌ವರ್ಡ್ ಕೊಟ್ಟ ಮೇಲೆ ನೇತಾಡುತ್ತದೆ, ಯಾಕೆಂದರೆ ಲಾಗಿನ್ ಆಗಿದ್ದನ್ನು ಬರೆಯಲೂ ಆಗುತ್ತಿಲ್ಲ. ಹೋಸ್ಟಿನಿಂದ ಥಾ ಕೊಟ್ಟರೆ ಉಸಿರಾಡುತ್ತದೆ. ಸ್ಕ್ರಿಪ್ಟಿನಲ್ಲಿ ‘ಟ್ರ್ಯಾಪ್’ ಹಾಕಿ, ಮಧ್ಯದಲ್ಲಿ ಎರರ್ ಬಂದು ನಿಂತರೂ ಥಾ ಓಡುವಂತೆ ಮಾಡಿ.

ದಿನನಿತ್ಯದ ಕೆಲಸಕ್ಕೆ ನಮ್ಮ ಮತ ‘ವರ್ಶ್ ಬ್ಯಾಕಪ್-ಬಿಗಿನ್’ಗೆ. 2020ರಲ್ಲಿ ಲಿಬ್‌ವರ್ಟ್ 6.0 ಜೊತೆ ಬಂದ ಆದೇಶ ಇದು. ಓವರ್‌ಲೇ ಇಲ್ಲ, ಕಮಿಟ್ ಇಲ್ಲ, ಮರೆತು ಉಳಿಯುವ ಫೈಲಿಲ್ಲ. ಶುರುವಾದ ಕ್ಷಣವೇ ನಕಲಿನ ಕ್ಷಣ. ಇನ್ನೂ ಕಾಪಿಯಾಗದ ಬ್ಲಾಕಿಗೆ ಗೆಸ್ಟು ಬರೆಯಹೊರಟರೆ ಕ್ಯೂಎಮು ಅದನ್ನು ಒಂದು ಗಳಿಗೆ ತಡೆದು, ಹಳೆಯದನ್ನು ನಕಲಿಗೆ ಸಾಗಿಸಿ, ಆಮೇಲೆ ಹೊಸದನ್ನು ಬರೆಯಲು ಬಿಡುತ್ತದೆ. ಈ ತಡೆಯೇ ಇದರ ಬೆಲೆಯೂ ಹೌದು. ನಕಲು ಹೋಗುತ್ತಿರುವುದು ಸೆಕೆಂಡಿಗೆ 30 ಎಂಬಿಯ ಹಳೆಯ ಯುಎಸ್‌ಬಿ ಡಿಸ್ಕಿಗೆ ಆದರೆ ಗೆಸ್ಟೂ ಅದರ ವೇಗಕ್ಕೆ ಕಾಯಬೇಕು. 120 ಜಿಬಿಗೆ 67 ನಿಮಿಷ, ಅಷ್ಟು ಹೊತ್ತೂ ಬಿಲ್ಲಿಂಗ್ ಪರದೆ ಸುತ್ತುತ್ತಿರುತ್ತದೆ. ಮೊದಲು ಹೋಸ್ಟಿನಲ್ಲೇ ಇರುವ ಇನ್ನೊಂದು ಎಸ್‌ಎಸ್‌ಡಿಗೆ ತೆಗೆದು, ಅಲ್ಲಿಂದ ಯುಎಸ್‌ಬಿಗೆ ನಿಧಾನವಾಗಿ ಸಾಗಿಸಿ. ಎಕ್ಸ್‌ಎಂಎಲ್ ಕೊಡದೆ ಬರೀ ಆದೇಶ ಹೊಡೆದರೆ ನಕಲು ಮೂಲದ ಪಕ್ಕದಲ್ಲೇ ಬೀಳುತ್ತದೆ, ಅದೇ ಡಿಸ್ಕು ತುಂಬುತ್ತದೆ. ಐದು ಸಾಲಿನ ಎಕ್ಸ್‌ಎಂಎಲ್‌ನಲ್ಲಿ ಯಾವ ಡಿಸ್ಕು, ಯಾವ ಫೈಲಿಗೆ, ಯಾವ ಮಾದರಿ ಎಂದು ಹೇಳಿ. ಆದೇಶ ಹೊಡೆದ ಕೂಡಲೇ ಪ್ರಾಂಪ್ಟ್ ಮರಳಿ ಬರುತ್ತದೆ, ಕೆಲಸ ಮುಗಿದಿರುವುದಿಲ್ಲ. ‘ಡಾಮ್‌ಜಾಬ್‌ಇನ್ಫೋ’ ನೋಡುತ್ತಿರಿ. ಫ್ರೀಜ್ ಇದರಲ್ಲೂ ನಿಮ್ಮದೇ ಹೊಣೆ, ಆದೇಶದ ಹಿಂದೆ ಮುಂದೆ ಕೊಡಬೇಕು.

ಇದರ ಜೊತೆ ಚೆಕ್‌ಪಾಯಿಂಟ್ ಇಟ್ಟರೆ ಮರುದಿನ ಬದಲಾದ ಬ್ಲಾಕುಗಳಷ್ಟೇ ಸಾಕು. ಬದಲಾವಣೆಯ ಗುರುತುಗಳು ಬಿಟ್‌ಮ್ಯಾಪಿನಲ್ಲಿರುತ್ತವೆ, ಅದು ಉಳಿಯಬೇಕಾದರೆ ಡಿಸ್ಕು ಕ್ಯೂಕೌ2 ಆಗಿರಬೇಕು. ಯುಪಿಎಸ್ ಕೈಕೊಟ್ಟು ಹೋಸ್ಟು ದಢಕ್ಕನೆ ಆಫ್ ಆದರೆ ಬಿಟ್‌ಮ್ಯಾಪ್ ಅರ್ಧಕ್ಕೇ ನಿಂತಿದ್ದರಿಂದ ಅದನ್ನು ನಂಬಲಾಗದು ಎಂದು ಕ್ಯೂಎಮುವೇ ಗುರುತು ಹಾಕುತ್ತದೆ. ಆ ರಾತ್ರಿ ಪೂರ್ತಿ ನಕಲೇ ಗತಿ, ಅದಕ್ಕೆ ಬೇಕಾದ ಜಾಗ ಸದಾ ಖಾಲಿ ಇರಲಿ.

ವರ್ಶ್‌ನ ಇನ್ನೊಂದು ಆದೇಶವಾದ ‘ಬ್ಲಾಕ್‌ಕಾಪಿ’ ಬಗ್ಗೆ ಸಭೆಯಲ್ಲಿ ಒಬ್ಬರು ಕೇಳಿದರು. ಅದರಲ್ಲಿ ಕ್ಷಣ ಶುರುವಿನದ್ದಲ್ಲ, ಕೊನೆಯದ್ದು. ಗೆಸ್ಟು ಬರೆದದ್ದನ್ನು ಬೆನ್ನಟ್ಟಿ ಹೋಗಿ, ಎರಡೂ ಸಮವಾದ ಮೇಲೆ ನೀವು ಕತ್ತರಿಸಿದ ಗಳಿಗೆಯ ನಕಲು ಸಿಗುತ್ತದೆ. ಗೆಸ್ಟು ಕಾಪಿಗಿಂತ ಬೇಗ ಬರೆಯುತ್ತಿದ್ದರೆ ಅದು ಸಮವಾಗುವುದೇ ಇಲ್ಲ. ಹಳೆಯ ಡಿಸ್ಕಿನಿಂದ ಹೊಸ ಡಿಸ್ಕಿಗೆ ವಿಎಂ ಸ್ಥಳಾಂತರಿಸಲು ಚೆನ್ನ, ಬ್ಯಾಕಪ್ಪಿಗೆ ಬೇಡ.

ಹೊತ್ತಿನ ವಿಚಾರ. ರಾತ್ರಿ 1 ಗಂಟೆ ಎಲ್ಲರಿಗೂ ಹೊಂದುವುದಿಲ್ಲ. ಹಾಲಿನ ಸೊಸೈಟಿಗೆ ಬೆಳಿಗ್ಗೆ ಸಂಜೆ ಎರಡೂ ಹೊತ್ತು ಕೆಲಸ, ನರ್ಸಿಂಗ್ ಹೋಮಿಗೆ ಹೊತ್ತೇ ಇಲ್ಲ. ಒಂದು ವಾರ ‘ಡಾಮ್‌ಬಿಎಲ್‌ಕೆಸ್ಟ್ಯಾಟ್’ನಲ್ಲಿ ಬರೆದ ಬೈಟುಗಳನ್ನು ಗಂಟೆಗೊಮ್ಮೆ ಗುರುತು ಹಾಕಿಕೊಳ್ಳಿ, ನಿಮ್ಮ ವಿಎಂನ ನಿದ್ದೆಯ ಹೊತ್ತು ತಾನಾಗಿ ಕಾಣುತ್ತದೆ. ಓವರ್‌ಲೇಗೆ ಎಷ್ಟು ಜಾಗ ಬೇಕೆಂಬ ಲೆಕ್ಕವೂ ಅದರಲ್ಲೇ ಇದೆ. ಸೆಕೆಂಡಿಗೆ 5 ಎಂಬಿ ಬರೆಯುವ ಗೆಸ್ಟು 67 ನಿಮಿಷದಲ್ಲಿ ಸುಮಾರು 20 ಜಿಬಿ ಬರೆಯುತ್ತದೆ, ನೀವು 40 ಇಟ್ಟುಕೊಳ್ಳಿ.

ಇನ್ನು ನಕಲನ್ನು ಪರೀಕ್ಷಿಸುವುದು. ‘ಕ್ಯೂಎಮು-ಐಎಂಜಿ ಚೆಕ್’ ಹೊಡೆದಾಗ ‘ಲೀಕ್ಡ್ ಕ್ಲಸ್ಟರ್’ ಎಂದು ಬಂದರೆ ಜಾಗ ಪೋಲು ಅಷ್ಟೇ, ‘ಎರರ್’ ಎಂದು ಬಂದರೆ ಆ ನಕಲನ್ನು ಬಿಡಿ. ಚೆಕ್ ಸರಿ ಇದೆ ಎಂದರೆ ಕ್ಯೂಕೌ2ನ ಖಾತೆ ಪುಸ್ತಕ ಸರಿ ಇದೆ ಎಂದಷ್ಟೇ ಅರ್ಥ. ಒಳಗಿನ ಫೈಲ್‌ಸಿಸ್ಟಂ ಹೇಗಿದೆ ಎಂದು ಅದು ನೋಡುವುದೇ ಇಲ್ಲ. ಅದಕ್ಕೆ ಬೂಟ್ ಮಾಡಿಯೇ ನೋಡಬೇಕು, ಅದೂ ನಕಲಿನ ಮೇಲೆ ಹೊಸ ಓವರ್‌ಲೇ ಹಾಕಿ, ನಕಲು ಹಾಳಾಗದ ಹಾಗೆ. ನೆಟ್‌ವರ್ಕ್ ಕಾರ್ಡಿನ ಎಕ್ಸ್‌ಎಂಎಲ್‌ನಲ್ಲಿ ಲಿಂಕ್ ಸ್ಥಿತಿ ‘ಡೌನ್’ ಎಂದು ಬರೆದೇ ಎಬ್ಬಿಸಿ. ಇಲ್ಲದಿದ್ದರೆ ಅದೇ ಐಪಿ, ಅದೇ ಮ್ಯಾಕ್ ವಿಳಾಸದ ಎರಡು ಸರ್ವರು ಒಂದೇ ಸ್ವಿಚ್ಚಿನಲ್ಲಿ ಜಗಳಕ್ಕೆ ನಿಂತು, ಕೌಂಟರಿನಲ್ಲಿ ಒಂದು ಬಿಲ್ಲು ಅಸಲಿಗೂ ಇನ್ನೊಂದು ನಕಲಿಗೂ ಹೋಗಿ ಕೂರುತ್ತದೆ.

ಡಿಸ್ಕಿನ ಜೊತೆ ಇನ್ನೂ ಎರಡು ಮೂರು ಸಣ್ಣ ಫೈಲು ಬೇಕು. ‘ವರ್ಶ್ ಡಂಪ್‌ಎಕ್ಸ್‌ಎಂಎಲ್’ ಕೊಟ್ಟದ್ದು ಒಂದು. ಯುಇಎಫ್‌ಐ (ಹೊಸ ಬಗೆಯ ಬೂಟ್ ವ್ಯವಸ್ಥೆ) ಇರುವ ಗೆಸ್ಟಾದರೆ ಲಿಬ್‌ವರ್ಟಿನ ‘ಎನ್‌ವಿರಾಮ್’ ಡೈರೆಕ್ಟರಿಯಲ್ಲಿರುವ ‘ವಾರ್ಸ್’ ಫೈಲು ಇನ್ನೊಂದು. ವಿಂಡೋಸ್ 11 ಥರ ಟಿಪಿಎಂ (ಕೀಲಿಗಳನ್ನು ಕಾಯುವ ಚಿಪ್ಪು) ಇಟ್ಟ ಗೆಸ್ಟಾದರೆ ‘ಎಸ್‌ಡಬ್ಲ್ಯೂಟಿಪಿಎಂ’ ಡೈರೆಕ್ಟರಿಯೂ ಬೇಕು. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಹಾಕಿದ್ದು ಆ ಟಿಪಿಎಂ ಇಲ್ಲದೆ ಹೋದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಆ ಕೀ ಅದೇ ವಿಎಂನ ಡೆಸ್ಕ್‌ಟಾಪ್ ಮೇಲಿನ ನೋಟ್‌ಪ್ಯಾಡಿನಲ್ಲಿ ಇರಬಾರದು.